ಆ 90ರ ಇಳಿತದ ಹಿಂದೆ ನಿಂತವರಿಗೆ

ಹೋದ ಗುರುವಾರ ಮೈಸೂರಿನಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಸಂಜೆ ಹಾಸನದಲ್ಲಿ ಇಳಿದು ಆಲೂರು ಬಸ್ಸಿಗೆ ಕಾಯುವಾಗ ಒಬ್ಬೊಬ್ಬರೇ ನೆನಪಾದರು. ಫೋನಿನಲ್ಲಿ ಹೇಳಿ ಮುಗಿಸುವಂಥ ಋಣವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಏನು ಓದಿದೆ ಅಂತ ಊರಲ್ಲಿ ತುಂಬ ಜನ ಕೇಳಿದ್ದೀರಿ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ತೇವ ಹೀರುವ ಹರಳಿನ ಪೊಟ್ಟಣ ಇರುತ್ತೆ ಅಲ್ವಾ? ಅದು ಸಿಲಿಕಾ. ಅದರ ಮೈಮೇಲೆ ಆಮ್ಲಜನಕಕ್ಕೆ ಜಲಜನಕ ಅಂಟಿದ ಜೋಡಿಗಳಿವೆ. ಅವು ಸ್ಪ್ರಿಂಗಿನ ಹಾಗೆ ಸದಾ ಅಲುಗುತ್ತಿರುತ್ತವೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹಾಯಿಸಿದರೆ, ಒಂಟಿಯಾಗಿರುವ ಜೋಡಿ 3747ರ ಹತ್ತಿರ ಒಂದು ಚೂಪು ಪೀಕ್, ಅಂದರೆ ಗ್ರಾಫಿನಲ್ಲಿ ಒಂದು ಮೊನೆ, ಕೊಡುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಅನ್ನುವ ಲೆಕ್ಕ ಇದು. ಕಾರ್ಬನ್ ಮಾನಾಕ್ಸೈಡ್ ಅನಿಲ ಬಂದು ಆ ಜೋಡಿಗೆ ಅಂಟಿದರೆ ಪೀಕಿನ ಸಂಖ್ಯೆ ಸುಮಾರು 90 ಕೆಳಗಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡಿನದು ಮಾತ್ರ 2143ರಿಂದ 2157ಕ್ಕೆ ಏರುತ್ತದೆ. ಇದು ಮೊದಲೇ ಗೊತ್ತಿದ್ದ ವಿಷಯ. ಆದರೆ ನನ್ನ ಸಿಲಿಕಾ ಸರಿಯಿದೆ ಅಂತ ನಂಬಲು ಮೊದಲು ಇದು ಕಾಣಬೇಕಿತ್ತು.

ಎರಡು ವರ್ಷ ಕಾಣಲಿಲ್ಲ.

ಸಿಲಿಕಾದ ಬಿಲ್ಲೆಯನ್ನು ನಿರ್ವಾತದಲ್ಲಿಟ್ಟು ರಾತ್ರಿಯಿಡೀ 500 ಡಿಗ್ರಿಯಲ್ಲಿ ಕಾಯಿಸಬೇಕು. ಹಿಡಿದ ನೀರೆಲ್ಲ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುತ್ತಿತ್ತು. ಪಂಪ್ ನಿಂತರೆ ಒಳಗೆ ಗಾಳಿ, ಗಾಳಿಯ ಜೊತೆ ತೇವ. ಬೆಳಗ್ಗೆ ನೋಡಿದರೆ 1630ರಲ್ಲಿ ನೀರಿನ ಪೀಕ್ ಎದ್ದಿರುತ್ತಿತ್ತು. ಆಗ ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ಅಲ್ಲೇ ಚಾಪೆ ಹಾಸಿ ಮಲಗಲು ಶುರು ಮಾಡಿದರು. ಕರೆಂಟ್ ಹೋದ ಕೂಡಲೇ ಎದ್ದು ವಾಲ್ವ್ ಮುಚ್ಚುತ್ತಿದ್ದರು. ವಾಲ್ವಿನ ಗ್ರೀಸ್ ಒಣಗಿ ಗಾಳಿ ಎಳೆಯುತ್ತಿದೆ ಅಂತ ಪತ್ತೆ ಹಚ್ಚಿದ್ದೂ ಅವರೇ. ಅಣ್ಣಾ, ಥೀಸಿಸ್ಸಿನ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಇಲ್ಲಿ ಹಾಕಬೇಡ ಅಂದಿರಿ, ಹಾಕಿಲ್ಲ.

ಕಾರ್ಬನ್ ಮಾನಾಕ್ಸೈಡ್ ಸಿಲಿಕಾಗೆ ಬಹಳ ಸಡಿಲವಾಗಿ ಅಂಟುತ್ತದೆ. ಕೋಣೆಯ ಬಿಸಿಯಲ್ಲಿ ನಿಲ್ಲುವುದೇ ಇಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ನಮ್ಮ ಕಡೆ ಅದರ ಪರಿಚಯ ಇರುವುದು ಹಸು ಸಾಕುವವರಿಗೆ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಇಟ್ಟಿರುತ್ತಾರೆ. ಅದನ್ನು ತರುವ ಗಾಡಿಯವರಿಗೆ ನಾವು ದುಡ್ಡು ಕೊಡುತ್ತಿದ್ದೆವು, ನಿಜ. ಆದರೆ ನಮ್ಮ ಒಂದು ಕ್ಯಾನಿಗಾಗಿ ಅಷ್ಟು ದೂರ ಸುತ್ತಿಕೊಂಡು ಬರುತ್ತಿದ್ದದ್ದು ದುಡ್ಡಿಗಲ್ಲ.

ಅದೇ ಪೀಕ್ ಎಲ್ಲಿ ಬರಬೇಕು ಅನ್ನುವ ಕಂಪ್ಯೂಟರ್ ಲೆಕ್ಕ ಇನ್ನೊಂದು ಗೋಳು. ವಿಜ್ಞಾನಿ ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ನೊಬೆಲ್ ತಂದ ಡೆನ್ಸಿಟಿ ಫಂಕ್ಷನಲ್ ವಿಧಾನವನ್ನೇ ಬಳಸಿದ್ದೆ. ಎಲೆಕ್ಟ್ರಾನುಗಳ ಸಾಂದ್ರತೆಯಿಂದ ಅಣುವಿನ ಗುಣ ಲೆಕ್ಕ ಹಾಕುವ ವಿಧಾನ ಅದು. ಆದರೂ ನನ್ನ ಸಂಖ್ಯೆ ಪ್ರಯೋಗದ್ದಕ್ಕಿಂತ 100ಕ್ಕೂ ಜಾಸ್ತಿ ಮೇಲಿತ್ತು. ಅತ್ತುಬಿಟ್ಟೆ. ನನ್ನ ಗೈಡ್ ಮೇಡಂ ಪಕ್ಕದಲ್ಲಿ ಕೂತು ಹೇಳಿದರು: "ಲೆಕ್ಕ ಬಂಧವನ್ನು ಪಕ್ಕಾ ಸ್ಪ್ರಿಂಗ್ ಅಂತ ತಿಳಿಯುತ್ತೆ ಕಣಮ್ಮ. ನಿಜವಾದ ಬಂಧ ಎಳೆದಷ್ಟೂ ಸಡಿಲ ಆಗುತ್ತೆ. ಸಂಖ್ಯೆ ಹೋಲಿಸಬೇಡ, ಎಷ್ಟು ಇಳಿಯಿತು ಅದನ್ನ ಹೋಲಿಸು." ಇಳಿತ ಹೋಲಿಸಿದೆ. ಹತ್ತಿರ ಬಂತು. ಅವತ್ತು ಮೇಡಂ ಬಯ್ದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ, ಖಂಡಿತ.

ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷವೂ ಅಪ್ಪ ಫೀಸ್ ಕಟ್ಟಿದರು. ಹೇಗೆ ಹೊಂದಿಸಿದರೋ ಇವತ್ತಿಗೂ ಹೇಳಿಲ್ಲ.

ಕೊನೆಗೆ ಆ ಪೀಕ್ ಇಳಿದದ್ದು ಒಂದು ಬೆಳಗಿನ ಜಾವ. ಸ್ಕ್ರೀನಿನ ಮುಂದೆ ನಾನು ಮತ್ತು ಅಣ್ಣ ಇಬ್ಬರೇ. "ಇದೇನಾ?" ಅಂದರು. "ಇದೇ ಅಣ್ಣ" ಅಂದೆ. ಎದ್ದು ಹೋಗಿ ಇಬ್ಬರಿಗೂ ಟೀ ತಂದರು.

ಬರುವ ಮಂಗಳವಾರ ಲ್ಯಾಬಿಗೆ ಬರುತ್ತೇನೆ. ಸಾರಜನಕದ ಗಾಡಿಯೂ ಅವತ್ತೇ ಬರುತ್ತೆ. ಅಮ್ಮ ಕಜ್ಜಾಯಕ್ಕೆ ಅಕ್ಕಿ ನೆನೆ ಹಾಕಿದ್ದಾರೆ.