ನಾಯಿ ಬಿಡಿ, ಟೆಕ್ಸ್ಟ್‌ಬಾಕ್ಸ್ ಕಲಿಸಿ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಆಬ್ಜೆಕ್ಟ್ ಎಂಬ ತುಂಡುಗಳಿಂದ ಪ್ರೋಗ್ರಾಮ್ ಕಟ್ಟುವ ವಿಧಾನ) ಬಗ್ಗೆ ಬಂದ ಲೇಖನ ಓದಿದೆ. ಮತ್ತೆ ಅದೇ ಉದಾಹರಣೆ: ಪ್ರಾಣಿ ಎಂಬ ಕ್ಲಾಸ್ (ಆಬ್ಜೆಕ್ಟುಗಳ ಅಚ್ಚು), ಅದರಿಂದ ಹುಟ್ಟಿದ ನಾಯಿ, ಅದು ಬೊಗಳುತ್ತದೆ. 20 ವರ್ಷ ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಧನ ವಿಷುಯಲ್ ಫಾಕ್ಸ್‌ಪ್ರೋದಲ್ಲಿ ಸಂಬಳದ ಪಟ್ಟಿ, ದಾಸ್ತಾನು ಲೆಕ್ಕ ಅಂತ ಬರೆದವನು ನಾನು. ಒಂದು ದಿನವೂ ನಾಯಿ ಬೇಕಾಗಲಿಲ್ಲ. ಬೇಕಾಗಿದ್ದು ದಿನಾಂಕ ತುಂಬುವ ಒಂದು ಟೆಕ್ಸ್ಟ್‌ಬಾಕ್ಸ್.

ಫಾಕ್ಸ್‌ಪ್ರೋಗೆ ಕ್ಲಾಸ್ ಬಂದದ್ದು 1995ರ 3.0 ಆವೃತ್ತಿಯಲ್ಲಿ. ನಾನು ಮಾತ್ರ ಹಳೇ ಚಾಳಿಯಂತೆ ಒಂದು ಫಾರ್ಮಿನ (ಮಾಹಿತಿ ತುಂಬುವ ಪರದೆಯ) ಕೋಡನ್ನು ಕಾಪಿ ಮಾಡಿ ಇನ್ನೊಂದಕ್ಕೆ ಅಂಟಿಸುತ್ತಿದ್ದೆ. ಡೇಟಾ ಎಸ್‌ಕ್ಯೂಎಲ್ ಸರ್ವರ್ ಎಂಬ ಬೇರೆ ಡೇಟಾಬೇಸಿಗೆ ಹೋದ ಮೇಲೆ ಪಜೀತಿ ಶುರುವಾಯಿತು. ಖಾಲಿ ಬಿಟ್ಟ ದಿನಾಂಕ ಅಲ್ಲಿ 1899ರ ಡಿಸೆಂಬರ್ 30 ಆಗಿ ಕೂರುತ್ತದೆ. ಕೆಲಸದಲ್ಲಿರುವವರೆಲ್ಲ ಆ ದಿನವೇ ನಿವೃತ್ತರಾದರು ಎಂದು ನನ್ನ ವರದಿ ಸಾರಿತು! ಮದ್ದು ಮೂರೇ ಸಾಲು: ಖಾಲಿ ಇದ್ದರೆ ನಲ್ (‘ಇಲ್ಲಿ ಏನೂ ಇಲ್ಲ’ ಎಂಬ ಗುರುತು) ಇಡು. ಅದನ್ನು 41 ಫಾರ್ಮುಗಳಲ್ಲಿ ಹಾಕಬೇಕಿತ್ತು. ಎರಡು ಬಿಟ್ಟುಹೋದವು, ಅದು ನನಗಿಂತ ಮೊದಲು ಲೆಕ್ಕದ ವಿಭಾಗದವರ ಕಣ್ಣಿಗೆ ಬಿತ್ತು.

ಆಮೇಲೆ ಬುದ್ಧಿ ಬಂತು. ಟೆಕ್ಸ್ಟ್‌ಬಾಕ್ಸಿನಿಂದ ನನ್ನದೇ ಒಂದು ಕ್ಲಾಸ್ ಮಾಡಿ ವಿಸಿಎಕ್ಸ್ ಎಂಬ ಕ್ಲಾಸ್ ಸಂಗ್ರಹದ ಫೈಲಿನಲ್ಲಿಟ್ಟೆ, ಆ ಮೂರು ಸಾಲನ್ನು ಅದರ ವ್ಯಾಲಿಡ್‌ನಲ್ಲಿ (ತುಂಬಿದ್ದು ಸರಿಯೇ ಎಂದು ನೋಡುವಾಗ ಓಡುವ ಕೋಡಿನಲ್ಲಿ) ಬರೆದೆ, ಎಲ್ಲ ಫಾರ್ಮಿಗೂ ಅದನ್ನೇ ಎಳೆದು ಹಾಕಿದೆ. ಮುಗಿಯಿತು ಅಂದುಕೊಂಡರೆ, ಜೊತೆಗಿದ್ದ ಹುಡುಗ ಒಂದು ಫಾರ್ಮಿನಲ್ಲಿ ಅದೇ ವ್ಯಾಲಿಡ್ ತೆರೆದು ತನ್ನದೊಂದು ತಪಾಸಣೆ ಸೇರಿಸಿದ. ಅಷ್ಟಕ್ಕೇ ಕ್ಲಾಸಿನ ಕೋಡ್ ಅಲ್ಲಿ ಬಾಯಿ ಮುಚ್ಚಿತು. 1899 ಮತ್ತೆ ಹಾಜರ್. ಫಾರ್ಮಿನ ಕೋಡಿನಲ್ಲಿ ಡುಡಿಫಾಲ್ಟ್ (DODEFAULT) ಎಂದು ಕರೆದರೆ ಮಾತ್ರ ಮೇಲಿನ ಕ್ಲಾಸಿನದು ಓಡುತ್ತದೆ. ಅವನಿಗೆ ಗೊತ್ತಿರಲಿಲ್ಲ, ಅವನನ್ನು ಬೈಯಲೂ ಆಗಲಿಲ್ಲ. ಅವನು ಓದಿದ್ದ ನಾಯಿಗೆ ಇಂಥ ಫಜೀತಿ ಬಂದೇ ಇರಲಿಲ್ಲವಲ್ಲ. ಕೊನೆಗೆ ಕ್ಲಾಸಿನಲ್ಲಿ ಒಂದು ಖಾಲಿ ಮೆಥಡ್ (ಹೆಸರಿಟ್ಟು ಕರೆಯಬಹುದಾದ ಕೋಡಿನ ತುಂಡು) ಇಟ್ಟು, ವ್ಯಾಲಿಡ್ ಅದನ್ನು ಕರೆಯುವಂತೆ ಮಾಡಿದೆ. ‘ನಿನ್ನದೇನಿದ್ದರೂ ಇಲ್ಲಿ ಬರಿ ಮಾರಾಯ, ವ್ಯಾಲಿಡ್ ಮುಟ್ಟಬೇಡ’ ಎಂದೆ.

ಪ್ರಾಪರ್ಟಿಗಳದ್ದೂ (ಫಾಂಟಿನಂಥ ಗುಣಗಳದ್ದೂ) ಇದೇ ಕಥೆ. ಫಾರ್ಮಿನ ಮೇಲೆ ಒಂದು ಬಾಕ್ಸಿನ ಫಾಂಟ್ ಬದಲಿಸಿದಿರೋ, ಫಾಂಟಿನ ಮಟ್ಟಿಗೆ ಅದು ಕ್ಲಾಸಿನ ಮಾತು ಕೇಳುವುದಿಲ್ಲ, ರೀಸೆಟ್ ಟು ಡಿಫಾಲ್ಟ್ ಒತ್ತುವ ತನಕ.

ಫಾಕ್ಸ್‌ಪ್ರೋ ಕಲಿಸಿ ಎಂದು ನಾನು ಹಠ ಹಿಡಿದಿಲ್ಲ. ಮುಂದಿನ ಆವೃತ್ತಿ ಇಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತು, 2015ರ ಜನವರಿಯಲ್ಲಿ ಬೆಂಬಲವೂ ನಿಂತಿತು. ಬೇರೆ ಸಾಧನವಾದರೂ ಸರಿ: ಡೆಲ್ಫಿಯ ಕಾಂಪೊನೆಂಟ್ ಆದೀತು, ಪವರ್‌ಬಿಲ್ಡರ್‌ನ ಯೂಸರ್ ಆಬ್ಜೆಕ್ಟ್ ಆದೀತು, ಇನ್ಹೆರಿಟೆನ್ಸೇ (ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವ ಸೌಲಭ್ಯವೇ) ಇಲ್ಲದ ಆಕ್ಸೆಸ್‌ನ ಕ್ಲಾಸ್ ಮಾಡ್ಯೂಲ್ ಕೂಡ ಆದೀತು. ಲೇಖಕರು ಮುಂದಿನ ಕಂತಿನಲ್ಲಿ ಓದುಗರಿಂದ ಒಂದು ಪುಟ್ಟ ಆಬ್ಜೆಕ್ಟ್ ಮಾಡಿಸಲಿ, ಮೂರು ಫಾರ್ಮಿನಲ್ಲಿ ಹಾಕಿಸಲಿ. ಅದರ ಮುಂದಿನ ವಾರ ಆ ಆಬ್ಜೆಕ್ಟನ್ನು ತಿದ್ದಿಸಿ, ಮೂರರಲ್ಲಿ ಯಾವ ಫಾರ್ಮ್ ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬರೆದು ಕಳಿಸಲು ಹೇಳಲಿ. ನನ್ನ ಉತ್ತರ ಮೊದಲು ಬರುತ್ತದೆ.

— ಹಳೆಯ ಫಾಕ್ಸ್‌ಪ್ರೋ ಪ್ರೋಗ್ರಾಮರ್