ಮಗಳಿಗೊಂದು ಪತ್ರ: ತಪ್ಪು ಮಾಡದವರಿಗೆ ಭಯ ಯಾಕೆ?

ಪ್ರೀತಿಯ ಪುಟ್ಟಿ,

‘ತಪ್ಪು ಮಾಡದವರು ಪೊಲೀಸರಿಗೆ ಯಾಕಮ್ಮ ಹೆದರಬೇಕು?’ ಅಂದೆಯಲ್ಲ ನೀನು, ಫೋನಿನಲ್ಲಿ ವಾದ ಬೆಳೆಯೋದು ಬೇಡ ಅಂತ ಸುಮ್ಮನಾದೆ.

ನೀನು ಗೆಳತಿಯರ ಜೊತೆ ಹೋಗುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದು ಆಗ ಬೆಂಗಳೂರು ಸೆಂಟ್ರಲ್ ಜೈಲು. 1975ರ ಜೂನ್ 25ಕ್ಕೆ ಎಮರ್ಜೆನ್ಸಿ ಬಂತು. ಮೀಸಾ ಕಾಯ್ದೆಯಲ್ಲಿ ಯಾರನ್ನಾದರೂ ಒಳಗೆ ಹಾಕಬಹುದಿತ್ತು, ಕಾರಣವನ್ನೂ ಹೇಳಬೇಕಿರಲಿಲ್ಲ. ಆದರೂ ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳುತ್ತೇವೆ ಅಂದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನೂ ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಸರದಿಯಲ್ಲಿ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರಿಗೆ ಸಿಗಲಿಲ್ಲ, ಅದು ಬೇರೆ ಕಥೆ.

ಮೂರೇ ದಿನ. ಮೇ 1ರ ರಾತ್ರಿ ಬೆಂಗಳೂರಿನ ಮನೆಯಿಂದ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಎಳೆದೊಯ್ದರು. ಪೊಲೀಸರಿಗೆ ಬೇಕಿದ್ದವರು ಅವರ ಅಣ್ಣ, ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್. ಸಿಕ್ಕಿದ್ದು ತಮ್ಮ. ಹೊಡೆದು ಹೊಡೆದು ಲಾಠಿ ಮುರಿಯಿತು, ಆಲದ ಬಿಳಲಿನಿಂದಲೂ ಬಾರಿಸಿದರು ಅಂತ ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಆ ತಾಯಿ ಇನ್ನೆಲ್ಲಿಗೆ ಹೋಗಬೇಕಿತ್ತು?

ಮರುದಿನ ನಟಿ ಸ್ನೇಹಲತಾ ರೆಡ್ಡಿ ಸರದಿ. ಸರ್ಕಾರದ ವಿರುದ್ಧ ಡೈನಮೈಟ್ ಸಿಡಿಸುವ ಸಂಚು ಅಂತ ಜಾರ್ಜ್ ಮತ್ತಿತರರ ಮೇಲೆ ಹಾಕಿದ್ದ ಬರೋಡಾ ಡೈನಮೈಟ್ ಕೇಸಿನ ಅನುಮಾನ. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಬಿಟ್ಟರಾ? ಇಲ್ಲ, ಮೀಸಾ ಇತ್ತಲ್ಲ! ಒಬ್ಬರಿಗಷ್ಟೇ ಸಾಲುವ ಸೆಲ್ಲು, ಮೂಲೆಯಲ್ಲೊಂದು ತೂತು, ಅದೇ ಶೌಚಾಲಯ. ಅವರಿಗೆ ಮೊದಲೇ ಜಾಸ್ತಿ ಅಸ್ತಮಾ. ರಾತ್ರಿ ಅವರ ಚೀರಾಟ ಕೇಳಿಸುತ್ತಿತ್ತು ಅಂತ ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. ಅಷ್ಟರ ನಡುವೆಯೂ ಬೇರೆ ಹೆಣ್ಣು ಕೈದಿಗಳನ್ನು ಹೊಡೆಯಬೇಡಿ ಅಂತ ಜಗಳ ಆಡಿದರು, ನೋಡು. ಜೀವ ಹೋಗುವಂತಾದ ಮೇಲೆ, 1977ರ ಜನವರಿ 15ಕ್ಕೆ, ಪೆರೋಲ್ ಕೊಟ್ಟರು. 20ಕ್ಕೆ ತೀರಿಕೊಂಡರು. ಎರಡು ದಿನ ಮೊದಲಷ್ಟೇ ಚುನಾವಣೆ ಘೋಷಣೆಯಾಗಿತ್ತು.

ಈಗ ಹೇಳು, ಅವರು ಹೆದರಬೇಕಿತ್ತಾ, ಬೇಡವಾ? ತಪ್ಪಿಲ್ಲ ಅಂತ ಹೇಳಿಕೊಳ್ಳೋಕೆ ಒಂದು ಜಾಗವಾದರೂ ಬೇಕಲ್ವಾ?

1978ರ 44ನೇ ತಿದ್ದುಪಡಿಯ ನಂತರ ಎಮರ್ಜೆನ್ಸಿಯಲ್ಲೂ ಬದುಕುವ ಹಕ್ಕನ್ನು ಅಮಾನತು ಮಾಡುವಂತಿಲ್ಲ. 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಿನಲ್ಲಿ, ಆ ಹಳೇ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿತು. ಹಾಗೆ ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಒಬ್ಬರು. 1976ರಲ್ಲಿ ಬಾಗಿಲು ಮುಚ್ಚಿದವರಲ್ಲಿ ಅವರ ತಂದೆಯೂ ಇದ್ದರು.

ಆದರೆ 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಇವತ್ತಿಗೂ ಇದೆ. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಪರೀಕ್ಷೆ ಮುಗಿದ ಮೇಲೆ ಅದನ್ನೊಮ್ಮೆ ಓದು, ಉದ್ದ ಏನಿಲ್ಲ.

ನಿನ್ನ
ಅಮ್ಮ