ಟ್ಯಾಂಕಿನ ಬಲ ಇಳಿಸುವ ಮೊದಲು ಸೆಕೆಂಡುಗಳನ್ನು ಎಣಿಸಿ

ಮಾನ್ಯ ಸಂಪಾದಕರೇ,

ನೂರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಶೂಟಿಂಗ್ ಆಟಗಳ ಬಗ್ಗೆ ತಮ್ಮ ಪತ್ರಿಕೆಯ ಯುವ ಪುಟದಲ್ಲಿ ಬಂದ ಬರಹ ಓದಿದೆ. ನಡೆದಾಡುವ ಸೈನಿಕರಿಗೆ ಅನ್ಯಾಯವಾಗುತ್ತಿದ್ದರೆ ಟ್ಯಾಂಕಿನ ಬಲ ಇಳಿಸಬೇಕು, ಇಲ್ಲವೇ ರಾಕೆಟ್ಟಿನ ಪೆಟ್ಟು ಏರಿಸಬೇಕು ಎಂಬ ಸಲಹೆ ಅದರಲ್ಲಿತ್ತು. ಶಿವಮೊಗ್ಗದ ಕಾಲೇಜುಗಳಲ್ಲಿ ಅನ್‌ರಿಯಲ್, ಯೂನಿಟಿ ಎಂಬ ಆಟ ಕಟ್ಟುವ ತಂತ್ರಾಂಶ ಕಲಿತು ಸ್ವಂತ ಆಟ ಕಟ್ಟಲು ಹೊರಟ ಮಕ್ಕಳು ಇದನ್ನೇ ನಂಬಿಬಿಟ್ಟರೆ ಕಷ್ಟ. ಎಂಟು ಜನರ ಆಟಕ್ಕೆ ಒಗ್ಗುವ ಈ ಉಪಾಯ ಇನ್ನೂರು ಜನರ ಆಟವನ್ನು ಕೆಡಿಸುತ್ತದೆ.

ಟ್ಯಾಂಕಿನ ಆಯುಷ್ಯ 1000 ಅಂಕ, ಒಂದು ರಾಕೆಟ್ಟಿನ ಪೆಟ್ಟು 250, ಮತ್ತೆ ತುಂಬಲು 5 ಸೆಕೆಂಡ್ ಎಂದಿಟ್ಟುಕೊಳ್ಳಿ. ಒಬ್ಬನೇ ನಾಲ್ಕು ರಾಕೆಟ್ ಹೊಡೆದು ಮುಗಿಸಲು 15 ಸೆಕೆಂಡ್ ಬೇಕು. ಇಬ್ಬರಿಗೆ 5 ಸೆಕೆಂಡ್ ಸಾಕು. ನಾಲ್ವರು ಒಟ್ಟಿಗೆ ಹೊಡೆದರೆ ಸೊನ್ನೆ. ಚಾಲಕನಿಗೆ ಹಿಂದಕ್ಕೆ ಸರಿಯಲೂ ಸಮಯವಿಲ್ಲ. ಒಂಟಿ ಸೈನಿಕನ ಮೇಲೆ ಕನಿಕರಪಟ್ಟು ಪೆಟ್ಟನ್ನು 350ಕ್ಕೆ ಏರಿಸಿದಿರೋ, ಅವನಿಗೆ ಉಳಿತಾಯವಾಗುವುದು 5 ಸೆಕೆಂಡ್ ಮಾತ್ರ. ಆದರೆ ಈಗ ಮೂವರು ಸೇರಿದರೂ ಟ್ಯಾಂಕ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಯ. ಪ್ಲಾನೆಟ್‌ಸೈಡ್ 2 ಆಟದಲ್ಲಿ 2015ರಲ್ಲಿ ಒಂದೇ ಕದನಕ್ಕೆ 1158 ಜನ ಸೇರಿ ಗಿನ್ನೆಸ್ ದಾಖಲೆಯಾಗಿತ್ತು. ಅಂಥ ಜಾತ್ರೆಯಲ್ಲಿ ಮೂವರು ರಾಕೆಟ್ಟಿನವರು ಯಾವ ಮೂಲೆಯಲ್ಲಾದರೂ ಸಿಗುತ್ತಾರೆ.

ಹಾಗಾಗಿ ಒಂಟಿ ಸೈನಿಕನಿಗೆ ಕೊಡಬೇಕಾದದ್ದು ಟ್ಯಾಂಕನ್ನು ಕೊಲ್ಲುವ ಶಕ್ತಿಯಲ್ಲ, ಹಿಂದಕ್ಕೆ ಅಟ್ಟುವ ಶಕ್ತಿ. ಬ್ಯಾಟಲ್‌ಫೀಲ್ಡ್ 4 ಆಟ ಈ ದಾರಿಯಲ್ಲಿ ಯೋಚಿಸಿತ್ತು: ಸರಿಯಾದ ಕೋನದಲ್ಲಿ ಬಿದ್ದ ಪೆಟ್ಟು ವಾಹನವನ್ನು ಸ್ವಲ್ಪ ಹೊತ್ತು ಕುಂಟಿಸುತ್ತದೆ. ಎದುರಿನ ಕವಚಕ್ಕೆ ಕಡಿಮೆ, ಬೆನ್ನಿಗೆ ಇಮ್ಮಡಿ ಪೆಟ್ಟು ಎಂದು ಮಾಡಿದರೆ ಸುತ್ತುಹಾಕಿ ಬಂದವನ ಶ್ರಮಕ್ಕೂ ಬೆಲೆ ಸಿಗುತ್ತದೆ.

ರಿಪೇರಿಯ ಲೆಕ್ಕ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಮೇಲಿನ ರಾಕೆಟ್ ಸೆಕೆಂಡಿಗೆ ಸರಾಸರಿ 50 ಅಂಕ ಕಳೆಯುತ್ತದೆ. ಒಬ್ಬ ಮೆಕ್ಯಾನಿಕ್ ಸೆಕೆಂಡಿಗೆ 40 ಅಂಕ ತುಂಬಿದರೆ, ಬಂಡೆಯ ಮರೆಯಲ್ಲಿ ಇಬ್ಬರು ಕೂತಾಗ ಅದು 80. ಆ ಟ್ಯಾಂಕನ್ನು ಒಬ್ಬನೇ ಎಷ್ಟು ಹೊಡೆದರೂ ವ್ಯರ್ಥ. ಪೆಟ್ಟು ಬಿದ್ದ ಮೇಲೆ ನಾಲ್ಕೈದು ಸೆಕೆಂಡ್ ರಿಪೇರಿ ಕೆಲಸ ಮಾಡದಂತೆ ತಡೆದರೆ ಸಾಕು. ಕವಚದ ಅಂಕಿಗೆ ಕೈಯೇ ಹಚ್ಚಬೇಕಿಲ್ಲ.

ವಾಹನದ ಬೆಲೆಯ ವಿಷಯವೂ ಸಮಯದ್ದೇ. ಪ್ಲಾನೆಟ್‌ಸೈಡ್ 2ರಲ್ಲಿ ನ್ಯಾನೈಟ್ ಎಂಬ ಆಟದೊಳಗಿನ ಹಣ ನಿಮಿಷಕ್ಕೆ 50ರಂತೆ ಕೂಡುತ್ತದೆ, ಗರಿಷ್ಠ 750. ದೊಡ್ಡ ಟ್ಯಾಂಕಿಗೆ 450. ಅಂದರೆ 9 ನಿಮಿಷದ ಗಳಿಕೆ. ಟ್ಯಾಂಕ್ ಸಾಮಾನ್ಯವಾಗಿ 9 ನಿಮಿಷಕ್ಕಿಂತ ಹೆಚ್ಚು ಬಾಳಿದರೆ ಅದರ ಮಾಲೀಕ ಕೈಬರಿದಾಗುವುದೇ ಇಲ್ಲ, ಬೆಲೆ ಹೆಸರಿಗೆ ಮಾತ್ರ. ಬ್ಯಾಟಲ್‌ಫೀಲ್ಡ್‌ನಲ್ಲಿ ಮ್ಯಾಪಿಗೆ (ಆಟ ನಡೆಯುವ ನೆಲಕ್ಕೆ) ಇಷ್ಟೇ ವಾಹನ ಎಂಬ ಮಿತಿಯಿದೆ. ಜನ ಎಷ್ಟು ಸೇರುತ್ತಾರೆಂದು ಮೊದಲೇ ಗೊತ್ತಿದ್ದರೆ ಮಿತಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ ನೆಲ ಸರಿಯಿಲ್ಲದಿದ್ದರೆ ಯಾವ ಲೆಕ್ಕವೂ ನಿಲ್ಲದು. ಟ್ಯಾಂಕ್ 300 ಮೀಟರಿನಿಂದ ಹೊಡೆಯಬಲ್ಲದು, ರಾಕೆಟ್ ಗುರಿ ಹಿಡಿಯುವುದು 100 ಮೀಟರಿನೊಳಗೆ ಎಂದಾದರೆ ನಡುವಿನ 200 ಮೀಟರನ್ನು ಸೈನಿಕ ಓಡಿಯೇ ದಾಟಬೇಕು. ಸೆಕೆಂಡಿಗೆ 6 ಮೀಟರ್ ಓಡಿದರೂ 33 ಸೆಕೆಂಡ್. ಅಷ್ಟರಲ್ಲಿ 4 ಸೆಕೆಂಡಿಗೊಂದರಂತೆ ಎಂಟು ಗುಂಡು ಅವನ ಮೇಲೆ ಬೀಳುತ್ತವೆ. ಬಯಲಿನಲ್ಲಿ ಅವನ ಕಥೆ ಮುಗಿಯಿತು. ನಮ್ಮ ಮಲೆನಾಡಿನ ನೆಲವನ್ನೇ ಮ್ಯಾಪಿಗೆ ತರುವವರಿಗೆ ಇಲ್ಲೊಂದು ಅನುಕೂಲವಿದೆ. ತೋಟದ ಸುತ್ತಲಿನ ಅಗಳು, ರಸ್ತೆ ಬದಿಯ ಧರೆ, ಅಡಿಕೆ ಮರಗಳ ಸಾಲು ಇವೆಲ್ಲ ಮೂವತ್ತು ಮೀಟರಿಗೊಂದು ಮರೆ ಕೊಡುತ್ತವೆ. ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕದ ಮೇಲೆ ಸೈನಿಕ ದಾಟುತ್ತಾನೆ, ಟ್ಯಾಂಕ್ ಸೇತುವೆ ಹುಡುಕಿ ಸುತ್ತಿ ಬರಬೇಕು. ಒಂದೂ ಅಂಕಿ ಮುಟ್ಟದೆ ಬಂದ ಸಮತೋಲನ ಅದು. ಆದರೆ ಇಡೀ ಮ್ಯಾಪ್ ಕಾಡೇ ಆದರೆ ಟ್ಯಾಂಕ್ ಹತ್ತುವವರೇ ಇರುವುದಿಲ್ಲ. ನಡುನಡುವೆ ಬೇಣ, ಗದ್ದೆಬಯಲು ಬೇಕು. ಆಗುಂಬೆ ಘಾಟಿಯಂಥ ರಸ್ತೆ ಇಡುವುದಾದರೆ ಪಕ್ಕದಲ್ಲಿ ಇನ್ನೊಂದು ದಾರಿಯನ್ನೂ ಬಿಡಿ. ತಿರುವಿನಲ್ಲಿ ಒಂದು ಟ್ಯಾಂಕ್ ಸುಟ್ಟು ನಿಂತರೆ ಹಿಂದಿನವೆಲ್ಲ ಅಲ್ಲೇ ಸಾಲಾಗಿ ಸಾಯುತ್ತವೆ. ವಾಹನ ಎಲ್ಲಿ ಹತ್ತಬಲ್ಲದು ಎಂಬುದನ್ನೂ ಪರೀಕ್ಷಿಸಿ. 2021ರಲ್ಲಿ ಬ್ಯಾಟಲ್‌ಫೀಲ್ಡ್ 2042 ಬಿಡುಗಡೆಯಾದಾಗ ಹೋವರ್‌ಕ್ರಾಫ್ಟ್‌ಗಳು ಕಟ್ಟಡದ ಗೋಡೆಯನ್ನೇ ಹತ್ತುತ್ತಿದ್ದವು, ಅವುಗಳ ಬಲವನ್ನೂ ಬೇಗನೆ ಇಳಿಸಬೇಕಾಯಿತು.

ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಸೊರಗುವ ನಮ್ಮ ಕಡೆಯ ಆಟಗಾರರನ್ನೂ ನೆನಪಿಡಬೇಕು. ಗಂಟೆಗೆ 72 ಕಿ.ಮೀ. ವೇಗದ ಜೀಪು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. 150 ಮಿಲಿಸೆಕೆಂಡ್ ತಡವೆಂದರೆ ಪರದೆಯ ಮೇಲೆ ಕಂಡ ಜಾಗಕ್ಕಿಂತ ಅದು 3 ಮೀಟರ್ ಮುಂದಿರುತ್ತದೆ. ಬಾನೆಟ್ಟಿಗೆ ಗುರಿಯಿಟ್ಟ ರಾಕೆಟ್ ಡಿಕ್ಕಿಯ ಹತ್ತಿರ ಹೋಗುತ್ತದೆ. ಬಂದೂಕಿನ ಗುಂಡಿಗೆ ಸರ್ವರ್ ಈ ತಡವನ್ನು ಸರಿದೂಗಿಸುವ ಆಟಗಳು ಹಲವಿವೆ, ನಿಧಾನವಾಗಿ ಹಾರುವ ರಾಕೆಟ್ಟಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಹಗುರ ವಾಹನದ ವೇಗ ಏರಿಸುವ ಮುನ್ನ ಈ ಗುಣಾಕಾರ ಮಾಡಿ ನೋಡಲಿ.

ಕೊನೆಯದಾಗಿ, ಅಂಕಿಅಂಶ ಓದುವ ರೀತಿ. ಒಂದು ವಾಹನ ಹೆಚ್ಚು ಜನರನ್ನು ಕೊಲ್ಲುತ್ತಿದೆ ಎಂದ ಮಾತ್ರಕ್ಕೆ ಅದು ಅತಿಬಲದ್ದಲ್ಲ. ನುರಿತ ಆಟಗಾರರು ಅದನ್ನೇ ಆರಿಸಿಕೊಳ್ಳುತ್ತಿರಬಹುದು. ಮಧ್ಯಮ ಆಟಗಾರ ಅದರಲ್ಲಿ ಎಷ್ಟು ನಿಮಿಷ ಬದುಕುತ್ತಾನೆ, ಒಬ್ಬನೇ ಇದ್ದಾಗ ಎಷ್ಟು, ಜೊತೆಗೆ ಗನ್ನರ್ ಇದ್ದಾಗ ಎಷ್ಟು ಎಂದು ಬೇರೆಬೇರೆ ನೋಡಬೇಕು. ಒಮ್ಮೆಗೆ ಒಂದೇ ಅಂಕಿ ಬದಲಿಸಬೇಕು, ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಪೆಟ್ಟು ತಿಂದು ಹಿಂದೆ ಸರಿದ ಟ್ಯಾಂಕ್ ಸತ್ತವರ ಪಟ್ಟಿಯಲ್ಲಿ ಎಲ್ಲೂ ಕಾಣಿಸುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಎಣಿಸುವ ಸಾಲುಗಳನ್ನು ಮೊದಲ ದಿನವೇ ಕೋಡ್‌ನಲ್ಲಿ ಬರೆದಿಡಲಿ, ಅದನ್ನು ಹಿಂದಕ್ಕೆ ಅಟ್ಟಿದ ಸೈನಿಕನಿಗೂ ಒಂದಿಷ್ಟು ಅಂಕ ಕೊಡಲಿ.

ಇಂತಿ,
ತಮ್ಮ ಓದುಗ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ